ಇಲಿ ಪಾಷಾಣ, ನಾಲ್ಕು ಚಮಚ

ತಾನು ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂಬ ಸುದ್ದಿ ಪಂಡಿತನಿಗೆ ಮೊದಲು ಸಿಕ್ಕಿದ್ದು ಕಾಲೇಜಿನ ಲೈಬ್ರರಿಯಲ್ಲಿ. ಹೊರಗೆ ಸುಡುಬಿಸಿಲು. ಒಳಗೆ ಫ್ಯಾನಿನ ಕೆಳಗೆ ಒಂದೇ ಒಂದು ಕುರ್ಚಿ ಖಾಲಿ. ಸುಮ್ಮನೆ ಕೂತರೆ ಎಬ್ಬಿಸಿ ಕಳಿಸುತ್ತಾರೆಂದು ಕೈಗೆ ಸಿಕ್ಕಿದ ದಪ್ಪ ಪುಸ್ತಕವೊಂದನ್ನು ಬಿಡಿಸಿಕೊಂಡ. ಸರಿಯಾದ ಆಹಾರವಿಲ್ಲದೆ ಬರುವ ರೋಗಗಳ ಮೇಲೆ ಯಾರೋ ಡಾಕ್ಟರು ಬರೆದ ಪುಸ್ತಕ ಅದು. ಮೊದಲ ಅಧ್ಯಾಯ ಓದಿದ. ಅದರಲ್ಲಿದ್ದ ರೋಗ ತನಗಿತ್ತು. ಎರಡನೆಯದನ್ನು ಓದಿದ. ಅದೂ ಇತ್ತು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕೊನೆಯ ಅಧ್ಯಾಯಕ್ಕೆ ಬಂದಿದ್ದ. ಅದು ಬಾಣಂತಿಯರ ರಕ್ತಹೀನತೆಗೆ ಸಂಬಂಧಿಸಿದ್ದು. ಹನ್ನೊಂದು ಲಕ್ಷಣಗಳಲ್ಲಿ ಒಂಬತ್ತು ಅವನಿಗೆ ತಾಳೆಯಾದವು.

(ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಪಂಡಿತ ಹುಟ್ಟು ಪುಕ್ಕಲ. ಪುಕ್ಕಲತನಕ್ಕೆ ಚಿನ್ನದ ಪದಕ ಕೊಡುವ ವಿಶ್ವವಿದ್ಯಾಲಯ ಎಲ್ಲಾದರೂ ಇದ್ದಿದ್ದರೆ ಆ ಪದಕ ಇವನಿಗೇ ಬರುತ್ತಿತ್ತು. ತೆಗೆದುಕೊಳ್ಳಲು ವೇದಿಕೆ ಹತ್ತುವುದಕ್ಕೆ ಹೆದರಿ ಇವನು ಹೋಗುತ್ತಿರಲಿಲ್ಲ, ಅಷ್ಟೇ. ಅಚ್ಚಾದದ್ದೆಲ್ಲ ನಿಜ ಎಂದು ನಂಬುತ್ತಿದ್ದುದರಿಂದ 'ಪಂಡಿತ' ಎಂಬ ಹೆಸರು ಬಂದಿತ್ತು.)

ಬದುಕಬೇಕಾದರೆ ಚೆನ್ನಾಗಿ ತಿನ್ನಬೇಕು ಎಂದು ಪುಸ್ತಕ ಹೇಳುತ್ತಿತ್ತು. ತಂದೆ ಕಳಿಸುತ್ತಿದ್ದ ಹಣವೋ, ತಿಂಗಳ ಇಪ್ಪತ್ತನೇ ತಾರೀಕಿಗೆ ಕೊನೆಯುಸಿರೆಳೆಯುತ್ತಿತ್ತು. ಹತ್ತು ದಿನ ಟೀ ಕುಡಿದು, ನೀರು ಕುಡಿದು, ಇತರರು ತಿನ್ನುವುದನ್ನು ನೋಡಿ ಕಾಲ ಹಾಕಬೇಕು. ಆದರೆ ಜೀವಭಯ ಎಂಬುದು ಎಂಥ ಸೋಮಾರಿಯನ್ನೂ ಸಂಸಾರಿಯನ್ನಾಗಿ ಮಾಡುತ್ತದೆ. ಪಂಡಿತ ಹೋಟೆಲು ಬಿಟ್ಟ. ಸಂಜೆ ಮಾರ್ಕೆಟ್ಟಿನವರು ಅಂಗಡಿ ಎತ್ತುವ ಹೊತ್ತಿಗೆ ಸರಿಯಾಗಿ ಚೀಲ ಹಿಡಿದು ನಿಲ್ಲತೊಡಗಿದ. ಒಂದು ಕಡೆ ಬಾಡಿದ ಕ್ಯಾರೆಟ್ಟು, ಸೊಟ್ಟಗಿದ್ದ ಸೌತೆಕಾಯಿ, ಬಿರುಕು ಬಿಟ್ಟ ಮೊಟ್ಟೆ, ನುಚ್ಚಾದ ಕಡಲೆಬೀಜ, ಮೈಮೇಲೆ ಕಪ್ಪು ಚುಕ್ಕೆ ಬಂದು ತನ್ನ ಬಳಗದಿಂದ ಬಹಿಷ್ಕೃತವಾದ ಬಾಳೆಹಣ್ಣು, ಇಂಥ ಅನಾಥರನ್ನೆಲ್ಲ ಅರ್ಧ ಬೆಲೆಗೆ ಮನೆಗೆ ತಂದು ಆಶ್ರಯ ಕೊಟ್ಟ.

ಇವುಗಳಿಂದ ಅವನು ಎರಡು ಪದಾರ್ಥ ತಯಾರಿಸಿದ. ಮೊದಲನೆಯದರ ಹೆಸರು 'ಸಮತೋಲನ ಪಾಕ'. ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದೆಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ, ಸತ್ವ ಹಾಳಾಗುತ್ತದೆಂದು ಸಿಪ್ಪೆ ತೆಗೆಯದೆ, ರಕ್ತದೊತ್ತಡ ಬರುತ್ತದೆಂದು ಉಪ್ಪು ಹಾಕದೆ, ಎದೆಗೆ ಕೆಟ್ಟದ್ದೆಂದು ಎಣ್ಣೆ ತೋರಿಸದೆ, ಕರುಳಿಗೆ ಆಗುವುದಿಲ್ಲವೆಂದು ಖಾರ ಬೆರೆಸದೆ ಒಂದೂವರೆ ಗಂಟೆ ಕುದಿಸಿದರೆ ಸಮತೋಲನ ಪಾಕ. ಅದರ ಬಣ್ಣ ಮಳೆಗಾಲದ ರಸ್ತೆಯದು. ರುಚಿಯ ವಿಷಯ ಹೇಳಲು ನನಗೆ ಧೈರ್ಯವಿಲ್ಲ. ಎರಡನೆಯದು 'ಜೀವಪುಡಿ'. ಹುರಿದ ಕಡಲೆಬೀಜ, ಹಾಲಿನ ಪುಡಿ, ಸಕ್ಕರೆ, ಒಣಖರ್ಜೂರ ಎಲ್ಲ ಕುಟ್ಟಿ ಬೆರೆಸಿದ್ದು. ಬೆಳಿಗ್ಗೆ ನಾಲ್ಕು ಚಮಚ ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಸುಮ್ಮನಿರುತ್ತಿತ್ತು. ಇದು ಮಾತ್ರ ಪರಮಾದ್ಭುತವಾಗಿತ್ತು. ತೊಂದರೆ ಶುರುವಾದದ್ದೇ ಅದರಿಂದ.

ಏಕೆಂದರೆ ಆ ಮಹಡಿಯ ಮೇಲೆ ಪಂಡಿತ ಒಬ್ಬನೇ ಇರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಮೂರು ಜನ ವಿದ್ಯಾರ್ಥಿಗಳು. ಒಬ್ಬ ಕಾನೂನು ಓದುತ್ತಿದ್ದ. ಅವನನ್ನು 'ಲಾಯರು' ಎನ್ನುತ್ತಿದ್ದರು. ಇನ್ನೊಬ್ಬ ಏನು ಓದುತ್ತಿದ್ದನೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಡ್ಡಿಯಂಥ ಮೈ, ಉದ್ದನೆಯ ಕಾಲು. ಅವನು ಹಾರಿ ಬಂದು ಕೂತು ಎದ್ದು ಹೋದ ತಟ್ಟೆಯನ್ನು ತೊಳೆಯುವ ಅಗತ್ಯವಿರುತ್ತಿರಲಿಲ್ಲ. ಅವನ ಹೆಸರು 'ಮಿಡತೆ'.

ಜೀವಪುಡಿಯ ಡಬ್ಬಿ ಸೋಮವಾರ ತುಂಬಿದರೆ ಮಂಗಳವಾರ ಅದರ ತಳ ಕಾಣುತ್ತಿತ್ತು.

"ನನ್ನ ಪುಡಿ ಯಾರೋ ತಿಂದಿದ್ದು?" ಎಂದು ಪಂಡಿತ ಕೇಳಿದ.

"'ನನ್ನ' ಅಂದ್ರೆ?" ಎಂದ ಲಾಯರು, ಹಲ್ಲು ಸಂದಿಯಿಂದ ಕಡಲೆಬೀಜ ತೆಗೆಯುತ್ತ. "ಅಡುಗೆಮನೆಗೆ ಬಾಡಿಗೆ ಮೂರು ಜನ ಕೊಡ್ತೀವಿ. ಹಲಗೆ ಅಡುಗೆಮನೇಲಿದೆ. ಡಬ್ಬಿ ಹಲಗೆ ಮೇಲಿದೆ. ಪುಡಿ ಡಬ್ಬಿ ಒಳಗಿದೆ. ಇದರಲ್ಲಿ 'ನನ್ನ' ಅನ್ನೋದು ಎಲ್ಲಿಂದ ಶುರುವಾಗತ್ತೆ, ತೋರಿಸು."

"ಹಾಗಾದ್ರೆ ಸಮತೋಲನ ಪಾಕನೂ ಅದೇ ಅಡುಗೆಮನೇಲಿದೆಯಲ್ಲ, ಅದನ್ನ ಯಾಕೆ ಮುಟ್ಟಲ್ಲ?"

"ಅದು ನಿಂದೇ ಕಣೋ," ಎಂದ ಮಿಡತೆ ತಟ್ಟನೆ. "ಅದರ ಮೇಲೆ ನಿನ್ನ ಹಕ್ಕು ಪೂರ್ತಿ ಇದೆ. ಯಾರೂ ಇಲ್ಲ ಅನ್ನಲ್ಲ."

ಪಂಡಿತ ಡಬ್ಬಿಗೆ ಬೀಗ ಹಾಕಬಹುದೇ ಎಂದು ಯೋಚಿಸಿದ. ಹಾಸಿಗೆಯ ಕೆಳಗೆ ಇಟ್ಟ, ಇರುವೆ ಬಂತು. ಸೂಟ್‌ಕೇಸಿನಲ್ಲಿಟ್ಟ, ಮಿಡತೆ ಬಂದ. ಹೀಗೇ ಆದರೆ ಪುಸ್ತಕದ ಮೂರನೆಯ ಅಧ್ಯಾಯದ ಪ್ರಕಾರ ಪರೀಕ್ಷೆಗೆ ಮುಂಚೆಯೇ ತನ್ನ ಒಸಡು ಸಡಿಲವಾಗಿ ಹಲ್ಲುಗಳು ಒಂದೊಂದಾಗಿ ಉದುರುತ್ತವೆ ಎಂದು ಕನ್ನಡಿಯಲ್ಲಿ ದಿನಕ್ಕೆ ಎರಡು ಸಲ ಹಲ್ಲು ಎಣಿಸತೊಡಗಿದ. ಹಾಗೆ ಎಣಿಸುತ್ತಿರುವಾಗಲೇ ಅವನಿಗೆ ಆ ಉಪಾಯ ಹೊಳೆದದ್ದು.

ಕೆಂಪು ಶಾಯಿ ತಂದ. ಚೀಟಿ ಕತ್ತರಿಸಿದ. ಜೀವಪುಡಿಯ ಡಬ್ಬಿಗೆ 'ಇಲಿ ಪಾಷಾಣ' ಎಂದು ಬರೆದು ಅಂಟಿಸಿ, ಕೆಳಗೊಂದು ತಲೆಬುರುಡೆ ಬಿಡಿಸಿದ. ತಲೆಬುರುಡೆ ನಗುತ್ತಿರುವಂತೆ ಬಂದದ್ದರಿಂದ ಇನ್ನಷ್ಟು ಭಯಂಕರವಾಯಿತು. ಜೇನುತುಪ್ಪದ ಬಾಟಲಿಗೆ 'ಕಿವಿ ಸೋರುವುದಕ್ಕೆ ಎಣ್ಣೆ'. ಬೆಣ್ಣೆಗೆ 'ಹುಳುಕಡ್ಡಿ ಮುಲಾಮು, ಉಪಯೋಗಿಸಿದ್ದು'. ಒಣದ್ರಾಕ್ಷಿಗೆ ಏನು ಬರೆಯುವುದೆಂದು ಒಂದು ರಾತ್ರಿ ಯೋಚಿಸಿದ. ಅವನು ಓದುತ್ತಿದ್ದುದು ಪ್ರಾಣಿಶಾಸ್ತ್ರ. ಬೆಳಿಗ್ಗೆ ಎದ್ದು 'ಆಡಿನ ಹಿಕ್ಕೆ, ಪ್ರಯೋಗಕ್ಕೆ' ಎಂದು ಬರೆದ.

ಅಬ್ಬಾ, ಅಕ್ಷರಕ್ಕೆ ಇರುವ ಶಕ್ತಿಯೇ! ಒಂದೂವರೆ ತಿಂಗಳು ಒಂದು ಚಮಚ ಪುಡಿ ಕದಲಲಿಲ್ಲ. ಮಿಡತೆ ಆ ಹಲಗೆಯ ಹತ್ತಿರ ಹೋಗುವುದನ್ನೇ ಬಿಟ್ಟ. ಪಂಡಿತ ಮಾತ್ರ ಬೆಳಗಿನ ಜಾವ, ಇಬ್ಬರೂ ಗೊರಕೆ ಹೊಡೆಯುತ್ತಿರುವಾಗ, ಕಳ್ಳ ಬೆಕ್ಕಿನಂತೆ ಅಡುಗೆಮನೆಗೆ ಹೋಗಿ ನಾಲ್ಕು ಚಮಚ ಪಾಷಾಣ, ನಾಲ್ಕು ಹಿಕ್ಕೆ ತಿಂದು ಬರುತ್ತಿದ್ದ. ಕೆನ್ನೆಗೆ ಬಣ್ಣ ಬಂತು. ಷರಟಿನ ಗುಂಡಿ ಬಿಗಿಯಾಯಿತು.

"ಇವನು ಬರೀ ಆ ಪಾಕ ತಿಂದು ಹೀಗಾಗ್ತಿದ್ದಾನಾ?" ಎಂದು ಮಿಡತೆ ಕೇಳಿದ.

"ಊತ ಇರ್ಬೇಕು, ಪಾಪ," ಎಂದ ಲಾಯರು. "ಕಿವಿ ಬೇರೆ ಸೋರತ್ತಂತೆ. ಹುಳುಕಡ್ಡಿ ಬೇರೆ. ಜೊತೇಲಿ ಕೂರ್ಬೇಡ."

ಹೀಗೆ ಪಂಡಿತ ಆಹಾರವನ್ನು ಉಳಿಸಿಕೊಂಡು ಮಾನವನ್ನು ಕಳೆದುಕೊಂಡಿದ್ದ. ಆದರೇನು, ಜೀವ ಮುಖ್ಯ.

ಕೆಳಗಿನ ಮನೆಯಲ್ಲಿ ಇದ್ದವರು ಮನೆಯ ಒಡತಿ ಅಮ್ಮ ಮತ್ತು ಅವರ ಯಜಮಾನರು. ಅಮ್ಮನ ಮಾತು ಆ ಬೀದಿಯ ಕಾಯಿದೆ. ಅವರಿಗೆ ಒಂದು ನೇಮವಿತ್ತು. ಯಾರ ಮನೆಯಿಂದ ಏನು ಕಡ ತಂದರೂ, ತಂದದ್ದಕ್ಕಿಂತ ಒಂದು ಹಿಡಿ ಹೆಚ್ಚು ಹಾಕಿ ಹಿಂದಿರುಗಿಸಬೇಕು. ಅರ್ಧ ಲೋಟ ಸಕ್ಕರೆ ತಂದರೆ ಮುಕ್ಕಾಲು ಲೋಟ ವಾಪಸು. ಒಂದು ಸೂಜಿ ಕಡ ತಂದಾಗ ಎರಡು ಸೂಜಿ ಕೊಟ್ಟದ್ದನ್ನು ಬೀದಿಯವರು ಈಗಲೂ ಹೇಳುತ್ತಾರೆ. ಯಜಮಾನರು ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಮೇಲೆ ಏನು ಬರೆದಿದೆಯೋ ಅದನ್ನು ಓದುವುದು, ಒಳಗೆ ಏನಿದೆ ಎಂದು ಕೇಳದಿರುವುದು, ಇದು ಅವರ ವೃತ್ತಿಧರ್ಮ. ಸಂಸಾರವನ್ನೂ ಅದೇ ಧರ್ಮದಿಂದ ನಡೆಸಿದ್ದರು. ಹತ್ತು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸಿಹಿ ಎಂಬ ಶಬ್ದವಿರಲಿ, ಅದರಂತೆ ಕೇಳಿಸುವ 'ಸಹಿ'ಯನ್ನೂ ಜೋರಾಗಿ ಹೇಳುವಂತಿರಲಿಲ್ಲ.

ಪಂಡಿತ ಕಾಲೇಜಿನವರ ಜೊತೆ ಸಮುದ್ರ ತೀರಕ್ಕೆ ಬಸವನಹುಳು ನೋಡಲು ಎಂಟು ದಿನ ಹೋಗಿ ಬಂದ. ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಎಂಟು ದಿನವೂ ಕಂಡ ಕಂಡ ಹೋಟೆಲಿನಲ್ಲಿ ತಿಂದು ಮೈಯಲ್ಲಿದ್ದ ಸತ್ವವೆಲ್ಲ ಬಸಿದು ಹೋಗಿದೆ ಎಂದು ಹೆದರಿದ್ದ. ಚೀಲ ಇಳಿಸಿದವನೇ ಸಮತೋಲನ ಪಾಕವನ್ನು ಒಲೆಗಿಟ್ಟು, ಅದು ಬೇಯುವವರೆಗೆ ಆಧಾರಕ್ಕೆಂದು ಪಾಷಾಣದ ಡಬ್ಬಿ ತೆರೆದ.

ಡಬ್ಬಿ ತುಂಬಿತ್ತು. ಹೋಗುವಾಗ ಅರ್ಧ ಇದ್ದ ನೆನಪು. ಮೇಲುಗಡೆಯೆಲ್ಲ ಬೆಳ್ಳಗಿತ್ತು. ಪಂಡಿತ ಒಂದು ಕ್ಷಣ ಚಮಚ ಹಿಡಿದು ನಿಂತ. ಗಾಳಿಯ ತೇವಕ್ಕೆ ಪುಡಿ ಉಬ್ಬಿರಬೇಕು, ಹಾಲಿನ ಪುಡಿ ಹಗುರವಾದ್ದರಿಂದ ಮೇಲಕ್ಕೆ ಬಂದಿರಬೇಕು ಎಂದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ಸಮಾಧಾನ ಹೇಳಿಕೊಂಡು ನಾಲ್ಕು ಚಮಚ ತಿಂದ. ಎಂದಿಗಿಂತ ಹೆಚ್ಚು ಸಿಹಿ ಅನ್ನಿಸಿತು. ಹಸಿವೆಯ ಪ್ರಭಾವ ಎಂದುಕೊಂಡ.

ಆಗಲೇ ಅಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಬಂದ್ಯೇನಪ್ಪಾ ಪಂಡಿತಾ? ನೀನಿಲ್ಲದಾಗ ನಿನ್ನ ಪಾಷಾಣ ಸ್ವಲ್ಪ ಕಡ ತಗೊಂಡಿದ್ದೆ. ನಮ್ಮ ಉಗ್ರಾಣದಲ್ಲಿ ಇಲಿ ಕಾಟ. ಆ ಲಾಯರು ಹುಡುಗನ್ನ ಕೇಳ್ದೆ, ತಗೊಳ್ಳೀಮ್ಮ ಅಂದ."

ಪಂಡಿತನ ಬಾಯಲ್ಲಿ ಚಮಚ ಇತ್ತು. ತೆಗೆಯಲಿಲ್ಲ.

"ಆದ್ರೂ ಒಂದ್ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಮಾಲು ಒಳ್ಳೇದಲ್ಲ. ದಿನಾ ರಾತ್ರಿ ಇಟ್ಟೆ, ದಿನಾ ಬೆಳಿಗ್ಗೆ ನೆಕ್ಕಿದ ಹಾಗೆ ಖಾಲಿ. ಒಂದಾದ್ರೂ ಸತ್ತಿದ್ರೆ ಕೇಳು! ಈಗ ಒಂದೊಂದು ಇಲಿ ಬೆಕ್ಕಿನಷ್ಟಿದೆ. ಬೆಕ್ಕು ಅವನ್ನ ನೋಡಿ ಪಕ್ಕದ ಮನೆಗೆ ಹೋಯ್ತು. ನಿನ್ನೆ ಒಂದು ಇಲಿ ನನ್ನ ಕಣ್ಣೆದುರಿಗೇ ಬಂದು, ಇವತ್ತಿಂದು ಎಲ್ಲಿ ಅನ್ನೋ ಹಾಗೆ ತಟ್ಟೆ ಪಕ್ಕ ಕೂತ್ಕೊಳ್ತು!"

ಪಂಡಿತ ಚಮಚ ತೆಗೆದ. "ಅಮ್ಮಾ... ಈ ಡಬ್ಬಿ..."

"ನಾನು ಕಡ ಇಟ್ಕೊಳ್ಳೋಳಲ್ಲಪ್ಪ. ನಿನ್ನೆ ಸಂಜೆನೇ ತುಂಬಿಸಿಟ್ಟಾಯ್ತು. ನಮ್ಮೆಜಮಾನ್ರ ಕೈಲಿ ದುಡ್ಡು ಕೊಟ್ಟು ಕಳಿಸಿದ್ದೆ, ಇರೋದ್ರಲ್ಲೇ ಜೋರಾಗಿರೋದು ತಗೊಂಡು ಆ ಹುಡುಗನ ಡಬ್ಬಿ ತುಂಬಿಸಿ ಬನ್ನಿ ಅಂತ. ಅದು ಅಸಲಿ ಮಾಲು. ಒಂದು ಚಿಟಿಕೆ ಸಾಕು."

ಪಂಡಿತ ಡಬ್ಬಿಯೊಳಗೆ ಇಣುಕಿದ. ಕಿವಿಯಲ್ಲಿ ಏನೋ ಗುಂಯ್ ಎಂದಿತು.

"ಅಮ್ಮಾ, ಒಂದು ಮಾತಿಗೆ ಕೇಳ್ತೀನಿ. ಅದನ್ನ ಮನುಷ್ಯರು ತಿಂದ್ರೆ?"

"ಮನುಷ್ಯರು ಯಾಕಪ್ಪಾ ತಿಂತಾರೆ? ತಲೆಬುರುಡೆ ಬರೆದಿಲ್ವಾ?"

"ಒಂದು ಮಾತಿಗೆ..."

"ಒಂದು ಮಾತಿಗೆ ಅಂದ್ರೆ, ಚಿಟಿಕೆ ತಿಂದ್ರೆ ಆಸ್ಪತ್ರೆ. ಚಮಚ ತಿಂದ್ರೆ ಒಂದು ಗಂಟೆ. ಯಾಕೆ ಹಾಗೆ ಬೆವರ್ತಾ ಇದ್ದೀಯಾ? ಪ್ರಯಾಣದ ಆಯಾಸ. ಮಲಕ್ಕೋ ಹೋಗು," ಎಂದು ಅಮ್ಮ ಇಳಿದು ಹೋದರು.

ನಾಲ್ಕು ಚಮಚ. ಚಮಚಕ್ಕೆ ಒಂದು ಗಂಟೆಯಾದರೆ ನಾಲ್ಕು ಚಮಚಕ್ಕೆ ನಾಲ್ಕು ಗಂಟೆಯೋ, ಕಾಲು ಗಂಟೆಯೋ? ಪಂಡಿತನಿಗೆ ಗಣಿತ ಎಂದೂ ಬರುತ್ತಿರಲಿಲ್ಲ. ಆದರೆ ಬಾರದೆ ಇದ್ದುದಕ್ಕೆ ಇಷ್ಟು ದುಃಖವಾದದ್ದು ಇದೇ ಮೊದಲು. ನಾಲಿಗೆ ಒಣಗಿತು. ಗೋಡೆ ಹಿಡಿದು ಹಿಡಿದು ಹೋಗಿ ಪಕ್ಕದ ಕೋಣೆಯ ಬಾಗಿಲಲ್ಲಿ ಕುಸಿದ.

"ಲಾಯರೇ, ಏಳೋ... ನಾನು ಪಾಷಾಣ ತಿಂದ್ಬಿಟ್ಟೆ!"

ಲಾಯರು ಹೊದಿಕೆಯಿಂದ ತಲೆ ಮಾತ್ರ ಹೊರಗೆ ಹಾಕಿದ. "ಯಾವ ಪಾಷಾಣ?"

"ಡಬ್ಬಿಯದು. ಅದು ಪಾಷಾಣ ಅಲ್ಲ ಕಣೋ, ಜೀವಪುಡಿ."

"ಅಲ್ಲ ಅಂದ್ಮೇಲೆ ಪಾಷಾಣ ತಿಂದಿಲ್ಲ. ಮಲಕ್ಕೋ."

"ತಿಂದಿದ್ದೀನೋ!"

"ಈಗ ತಾನೇ ಅಲ್ಲ ಅಂದೆ?"

"ಅಲ್ಲ ಅಂತ ತಿಂದೆ. ತಿಂದ್ಮೇಲೆ ಹೌದು ಅಂತ ಆಯ್ತು."

"ಈ ಸಾಕ್ಷಿ ನಿಲ್ಲಲ್ಲ," ಎಂದ ಲಾಯರು ಎದ್ದು ಕೂತು. "ಮೊದಲಿಂದ ಹೇಳು."

ಪಂಡಿತ ಮೊದಲಿಂದ ಹೇಳಿದ. ಸಾಯುವ ಮನುಷ್ಯನಿಗೆ ಮುಚ್ಚಿಡುವುದೇನಿದೆ? ಕೆಂಪು ಶಾಯಿ, ಚೀಟಿ, ತಲೆಬುರುಡೆ ಎಲ್ಲ ಹೊರಬಿತ್ತು. ಮಿಡತೆ ಹಾಸಿಗೆಯಿಂದ ಒಂದೇ ನೆಗೆತಕ್ಕೆ ಹತ್ತಿರ ಬಂದ.

"ಹಾಗಾದ್ರೆ ಆ ಕಿವಿ ಎಣ್ಣೆ?"

"ಜೇನುತುಪ್ಪ," ಎಂದು ಪಂಡಿತ ನರಳಿದ.

"ಹುಳುಕಡ್ಡಿ ಮುಲಾಮು?"

"ಬೆಣ್ಣೆ."

"ಲೋ, ಹಿಕ್ಕೆ?" ಮಿಡತೆಯ ಧ್ವನಿ ನಡುಗಿತು.

"ದ್ರಾಕ್ಷಿ ಕಣಪ್ಪಾ. ಒಳ್ಳೇ ದ್ರಾಕ್ಷಿ. ಎಲ್ಲಾ ನೀವೇ ತಗೊಳ್ಳಿ. ಇನ್ನು ನನಗ್ಯಾಕೆ? ನಮ್ಮಮ್ಮಂಗೆ ಮಾತ್ರ ಚೆನ್ನಾಗಿ ತಿಂತಿದ್ದ ಅಂತ ಹೇಳಿ."

ಲಾಯರಿಗೆ ಅಳು ಬಂತೋ ಸಿಟ್ಟು ಬಂತೋ ಅವನಿಗೇ ತಿಳಿಯಲಿಲ್ಲ. ಒಂದೂವರೆ ತಿಂಗಳು ಬೆಣ್ಣೆಯ ಪಕ್ಕದಲ್ಲೇ ಒಣ ಬ್ರೆಡ್ಡು ತಿಂದವನು ಅವನು. ಆದರೂ ಮನುಷ್ಯ ಒಳ್ಳೆಯವನು. ಪಂಡಿತನನ್ನು ಎತ್ತಿ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿದ. ಸಾಕ್ಷ್ಯಕ್ಕಾಗಿ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟ.

"ನೀನೂ ಬಾರೋ, ಹಿಂದಿನಿಂದ ತಳ್ಳು."

"ನೀವು ಹೋಗಿ," ಎಂದ ಮಿಡತೆ ಗಂಭೀರವಾಗಿ. "ಮನೇಲಿ ಒಬ್ಬರು ಇರ್ಬೇಕು. ಒಲೆ ಮೇಲೆ ಪಾಕ ಇದೆ."

ಪಕ್ಕದ ಬೀದಿಯ ಡಾಕ್ಟರು ಪೇಪರು ಓದುತ್ತ ಕೂತಿದ್ದರು. ವಿಷಯ ಕೇಳಿ ಎದ್ದರು.

"ಎಷ್ಟು ತಿಂದೆ?"

"ನಾಲ್ಕು ಚಮಚ."

"ಟೀ ಚಮಚವೋ?"

"ಬಡಿಸೋ ಚಮಚ."

ಡಾಕ್ಟರು ಡಬ್ಬಿಯ ಮೇಲಿನ ತಲೆಬುರುಡೆಯನ್ನೂ ಮಂಚದ ಮೇಲಿನ ತಲೆಬುರುಡೆಯನ್ನೂ ನೋಡಿದರು. ಯಾವ ಪಾಷಾಣ, ಯಾವ ಅಂಗಡಿಯದು ಎಂದು ತಿಳಿಯದೆ ಮದ್ದು ಕೊಡುವಂತಿಲ್ಲ, ತಂದವರನ್ನು ಕರೆದುಕೊಂಡು ಬಾ ಎಂದು ಲಾಯರನ್ನು ಅಟ್ಟಿದರು. ಅಲ್ಲಿಯವರೆಗೆ ಪಂಡಿತ ಕಾಯಲಿಲ್ಲ. ಹೆದರಿಕೆಯೇ ಅವನ ಹೊಟ್ಟೆಯನ್ನು ಬಕೆಟ್ಟಿಗೆ ಬಗ್ಗಿಸಿತು. ನಾಲ್ಕು ಚಮಚ ಹೋಗಿ, ಹಿಂದಿನ ದಿನದ ಹೋಟೆಲು ಹೋಗಿ, ಸಮುದ್ರ ತೀರದ ಎಂಟು ದಿನಗಳೂ ಒಂದೊಂದಾಗಿ ಹೊರಟವು.

ಆಮೇಲೆ ಅವನು ಬೆಳ್ಳನೆಯ ಮಂಚದ ಮೇಲೆ ಬೆಳ್ಳಗೆ ಮಲಗಿ ಗೋಡೆ ಗಡಿಯಾರ ನೋಡಿದ. ನಾಲ್ಕೂ ಇಪ್ಪತ್ತು. (ಅದು ನಿಂತು ಎರಡು ವರ್ಷವಾಗಿತ್ತು. ಅವನಿಗೇನು ಗೊತ್ತು?) ತಿಂದದ್ದು ಬೆಳಿಗ್ಗೆ ಎಂಟಕ್ಕೆ. ಒಂದು ಗಂಟೆ ಎಂದಿದ್ದರು ಅಮ್ಮ. ಎಂದರೆ ತಾನು ಸತ್ತು ಏಳು ಗಂಟೆಯ ಮೇಲಾಗಿದೆ! ಪಂಡಿತ ಕಣ್ಣನ್ನಷ್ಟೇ ಹೊರಳಿಸಿ ಸುತ್ತ ನೋಡಿದ. ಬಿಳಿ ಗೋಡೆ. ಬಿಳಿ ಕೋಟು ತೊಟ್ಟವರೊಬ್ಬರು ಮೇಜಿನ ಹಿಂದೆ ಕೂತು ಏನೋ ಬರೆದುಕೊಳ್ಳುತ್ತಿದ್ದಾರೆ. ತನ್ನ ಪಾಪಗಳ ಪಟ್ಟಿಯೇ ಇರಬೇಕು. ಬಚ್ಚಿಟ್ಟ ಬೆಣ್ಣೆ, ಬಚ್ಚಿಟ್ಟ ದ್ರಾಕ್ಷಿ. ಅವರು ತಲೆಯೆತ್ತಿ, "ಫೀಸು ಯಾರು ಕೊಡ್ತಾರಪ್ಪಾ?" ಎಂದಾಗ ಇನ್ನೂ ಬದುಕಿದ್ದೇನೆಂದು ಖಾತ್ರಿಯಾಯಿತು. ಆದರೆ ಅದರಿಂದ ಭಯ ಕಡಿಮೆಯಾಗಲಿಲ್ಲ. ಸಾಯುವ ಕೆಲಸ ಇನ್ನೂ ಮುಂದಿದೆ ಎಂದಾಯಿತಲ್ಲ!

ಬಾಗಿಲು ದಡಾರನೆ ತೆರೆಯಿತು. ಮುಂದೆ ಅಮ್ಮ, ಹಿಂದೆ ಯಜಮಾನರು, ಅವರ ಹಿಂದೆ ಲಾಯರು.

"ಅಯ್ಯೋ ಮಗುವೇ! ಪಾಷಾಣ ಯಾಕಪ್ಪಾ ತಿಂದೆ? ಪರೀಕ್ಷೇಲಿ ಫೇಲಾದ್ಯಾ?"

"ಪುಡಿ ಅಂತ ತಿಂದೆ ಅಮ್ಮಾ..."

"ಪುಡಿನೇ ಅಲ್ವೇ ಅದು!"

ಡಾಕ್ಟರು ಕೈ ಎತ್ತಿದರು. "ಇವೆಲ್ಲ ಆಮೇಲೆ. ಯಜಮಾನ್ರೇ, ನೀವಲ್ವೇ ತಂದಿದ್ದು? ಯಾವ ಅಂಗಡಿ? ಹೆಸರೇನು ಅದರದು?"

ಯಜಮಾನರು ಮೇಲೆ ನೋಡಿದರು, ಕೆಳಗೆ ನೋಡಿದರು. ಹೆಂಡತಿಯನ್ನು ಬಿಟ್ಟು ಎಲ್ಲವನ್ನೂ ನೋಡಿದರು.

"ಅಂಗಡಿಯಿಂದ... ತರ್ಲಿಲ್ಲ."

"ಏನಂದ್ರಿ?" ಎಂದರು ಅಮ್ಮ.

"ಅಲ್ಲ ಕಣೇ, ಹೊರಡೋವಾಗ ಅಡುಗೆಮನೇಲಿ ಚಪ್ಪಲಿ ಹುಡುಕ್ತಾ ಇದ್ದೆ..."

"ಅಡುಗೆಮನೇಲಿ ಚಪ್ಪಲಿ ಯಾಕಿರತ್ತೆ?"

"ಅದಕ್ಕೇ ಸಿಗ್ಲಿಲ್ಲ. ಮೇಲಿನ ಹಲಗೆ ಹಿಂದೆ, ಹಳೇ ಜರಡಿ ಕೆಳಗೆ ಒಂದು ಡಬ್ಬ ಸಿಕ್ತು. 'ಇಲಿ ಪಾಷಾಣ' ಅಂತ ನಿನ್ನ ಕೈಬರಹದಲ್ಲೇ ಬರೆದಿತ್ತು. ಮನೇಲೇ ಅಷ್ಟೊಂದು ಇರುವಾಗ ಅಂಗಡಿಗೆ ಯಾಕೆ ಅಂತ ಅದನ್ನೇ ತಂದು ಹುಡುಗನ ಡಬ್ಬಿಗೆ ಸುರಿದೆ."

"ಮನೇಲೇ ಇದ್ದಿದ್ರೆ ನಾನು ಕಡ ಯಾಕೆ ತರ್ತಿದ್ದೆ ಅಂತ ಹೊಳೀಲಿಲ್ವಾ?"

"ಹೊಳೀತು," ಎಂದರು ಯಜಮಾನರು ಪ್ರಾಮಾಣಿಕವಾಗಿ. "ನಿನ್ನ ಕೇಳೋಕೆ ಧೈರ್ಯ ಆಗ್ಲಿಲ್ಲ."

ಅಮ್ಮ ಸುಮ್ಮನಾದರು.

ಆ ಬೀದಿಯ ಚರಿತ್ರೆಯಲ್ಲೇ ಅಮ್ಮ ಸುಮ್ಮನಾದದ್ದು ಅದೇ ಮೊದಲು. ಪಂಡಿತನಿಗೆ ಅಷ್ಟು ಹೊತ್ತು ಆದ ಭಯವೆಲ್ಲ ಒಂದು ತೂಕ, ಈ ಮೌನದ್ದೇ ಒಂದು ತೂಕ. ಎಂಥ ಘೋರ ವಿಷವಾದರೆ ಈ ಬಾಯಿ ಕಟ್ಟಬಹುದು! ಮಂಚದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾ, ಬೇಗ ಹೇಳಿ. ನಿಮ್ಮ ಡಬ್ಬದಲ್ಲಿ ಏನಿತ್ತು?" ಎಂದರು ಡಾಕ್ಟರು. "ಹುಡುಗನ ಜೀವದ ಪ್ರಶ್ನೆ."

ಅಮ್ಮ ಪಂಡಿತನನ್ನು ನೋಡಿದರು. ಗಂಡನನ್ನು ನೋಡಿದರು. ಮತ್ತೆ ಪಂಡಿತನನ್ನು ನೋಡಿದರು. ಅವನ ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. (ಕಿವಿ ಸೋರುವುದು ಕೊನೆಗೂ ನಿಜವಾಯಿತು.) ಅಮ್ಮ ಒಂದು ನಿಟ್ಟುಸಿರು ಬಿಟ್ಟು, ಡಬ್ಬಿಯ ಮುಚ್ಚಳ ತೆಗೆದು, ಡಾಕ್ಟರ ಮೇಜಿನ ಮೇಲಿದ್ದ ಚಮಚವನ್ನು ಅದರಲ್ಲಿ ಅದ್ದಿ, ತುಂಬ ಎತ್ತಿ ಬಾಯಿಗೆ ಹಾಕಿಕೊಂಡರು.

"ಅಯ್ಯಯ್ಯೋ!" ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ಯಜಮಾನರ ಕೂಗಿನಲ್ಲಿ ಪ್ರೀತಿ ಎದ್ದು ಕೇಳುತ್ತಿತ್ತು.

ಅಮ್ಮ ನಿಧಾನವಾಗಿ ಚಪ್ಪರಿಸಿ ನುಂಗಿದರು.

"ಸಕ್ಕರೆ," ಎಂದರು. "ಬಾದಾಮಿ ಹಾಕಿ ಕುಟ್ಟಿದ ಸಕ್ಕರೆ."

ಅಂಚೆಯ ಯಜಮಾನರ ಮುಖದಲ್ಲಿ, ಹತ್ತು ವರ್ಷದ ಕಾಗದವೊಂದು ಈಗ ತಲುಪಿದಂಥ ಭಾವ.

"ಸಕ್ಕರೆಯಾ? ಪಾಷಾಣ ಅಂತ ಬರೆದ ಡಬ್ಬದಲ್ಲಾ? ಎಷ್ಟು ವರ್ಷದಿಂದ?"

"ನಿಮಗೆ ಸಕ್ಕರೆ ಕಾಯಿಲೆ ಬಂದಾಗಿಂದ. ನಿಮ್ಮ ಕೈಗೆ ಸಿಗದಿರ್ಲಿ ಅಂತ. ಸಂಜೆ ಹೊತ್ತು ನಾನೊಂದು ಚಮಚ ಬಾಯಿಗೆ ಹಾಕ್ಕೊಳ್ತಿದ್ದೆ. ಅದೇನು ಕೊಲೆಯಾ?"

"ಮೂವತ್ತೈದು ವರ್ಷ ಮೇಲೆ ಬರೆದಿದ್ದನ್ನ ನಂಬಿ ಕೆಲಸ ಮಾಡ್ದೆ ಕಣೇ!" ಎಂದರು ಯಜಮಾನರು. "ನನ್ನ ಮನೆಯಲ್ಲೇ ಖೋಟಾ ವಿಳಾಸ!"

"ಅದಿರ್ಲಿ. ಪಾಷಾಣಕ್ಕೆ ಅಂತ ಕೊಟ್ಟ ದುಡ್ಡೆಲ್ಲಿ?"

ಯಜಮಾನರು ಕೈಯಿಂದ ಮೀಸೆ ಒರೆಸಿಕೊಂಡರು. ಅಂದು ಬೆಳಿಗ್ಗೆ ತಿಂದ ಕೇಕಿನ ಎರಡು ಕಣ ಕೆಳಗೆ ಬಿದ್ದವು. ಆ ಕೇಕು ಯಾವ ಬೇಕರಿಯದು, ಒಂದೋ ಎರಡೋ, ಮೇಲೆ ಕೆನೆ ಇತ್ತೋ ಇಲ್ಲವೋ ಎಂದು ಆಮೇಲೆ ಮನೆಗೆ ಹೋಗುವ ದಾರಿಯುದ್ದಕ್ಕೂ ನಡೆದ ವಿಚಾರಣೆಯ ವಿವರ ಇಲ್ಲಿ ಬೇಡ. ಅಷ್ಟು ಹೊತ್ತು ಲಾಯರು ಬಾಯಿ ಬಿಡದೆ ಕೇಳಿಸಿಕೊಂಡ. ಅಡ್ಡ ಸವಾಲು ಹಾಕುವುದು ಹೇಗೆಂದು ಮೂರು ವರ್ಷದ ಕಾಲೇಜು ಕಲಿಸದಿದ್ದುದನ್ನು ಅವನು ಅಂದು ಕಲಿತ.

ಡಾಕ್ಟರು ಪಂಡಿತನ ನಾಡಿ ಹಿಡಿದು, ಕಣ್ಣು ಬಿಡಿಸಿ, ಬೆನ್ನು ತಟ್ಟಿ ನೋಡಿದರು. "ಗಟ್ಟಿಮುಟ್ಟಾಗಿದ್ದೀಯ. ನನ್ನ ಹತ್ರ ಬರೋ ಹುಡುಗರಲ್ಲಿ ಇಷ್ಟು ಒಳ್ಳೇ ಮೈ ಇರೋನು ನೀನೊಬ್ಬನೇ. ಏನಪ್ಪಾ ತಿಂತೀಯ?"

"ಇಲಿ ಪಾಷಾಣ," ಎಂದ ಪಂಡಿತ ಅಭ್ಯಾಸಬಲದಿಂದ.

ಹೊಟ್ಟೆ ಕೆರಳಿದೆ, ಮೂರು ದಿನ ತಿಳಿ ಗಂಜಿಯ ಹೊರತು ಏನನ್ನೂ ಮುಟ್ಟಬೇಡ ಎಂದು ಹೇಳಿ ಕಳಿಸಿದರು.

ಮನೆಗೆ ಬಂದರೆ ಮಿಡತೆ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ಜೀವಮಾನದಲ್ಲೇ ಮೊದಲ ಬಾರಿಗೆ ಅವನಿಗೆ ಹೊಟ್ಟೆ ಎಂಬುದು ಬಂದಿತ್ತು. ಸುತ್ತಲೂ ಖಾಲಿ ಬಾಟಲಿ, ಖಾಲಿ ಡಬ್ಬಿ. ಪಂಡಿತನನ್ನು ಕಂಡು ಬೆಚ್ಚಿದ.

"ಲೋ, ನೀನು... ಇದ್ದೀಯಾ?"

"ನನ್ನ ಬೆಣ್ಣೆ?"

"ನೀನೇ ತಾನೇ ತಗೊಳ್ಳಿ ಅಂದಿದ್ದು? ಹೋಗೋ ಜೀವದ ಕೊನೇ ಮಾತು ನಡೆಸದಿದ್ರೆ ಆಗತ್ತಾ? ಅಳ್ತಾ ಅಳ್ತಾ ತಿಂದೆ ಕಣೋ. ಆ ಹಿಕ್ಕೆ ಮಾತ್ರ ಮೊದಲ ಎರಡು ಕಾಳು ಸ್ವಲ್ಪ ಅನುಮಾನ ಇತ್ತು. ನಿನ್ನ ಮೇಲಿನ ನಂಬಿಕೆಯಿಂದ ತಿಂದೆ."

"ಕಾನೂನಿನ ಪ್ರಕಾರ ಉಯಿಲು ಜಾರಿಗೆ ಬರಬೇಕಾದ್ರೆ ಮೊದಲು ಇವನು ಸಾಯಬೇಕಾಗಿತ್ತು," ಎಂದು ಲಾಯರು ಗುಡುಗಿದ. "ಅದೂ ಅಲ್ಲದೆ ನನ್ನ ಪಾಲೆಲ್ಲಿ?"

ಆ ಇಡೀ ಅಡುಗೆಮನೆಯಲ್ಲಿ ಒಂದೇ ಒಂದು ಪಾತ್ರೆ ಮುಟ್ಟಿದ ಗುರುತಿಲ್ಲದೆ ಹಾಗೇ ಇತ್ತು. ಒಲೆಯ ಮೇಲಿನ ಸಮತೋಲನ ಪಾಕ.

ಮಾರನೆಯ ದಿನ ಅಮ್ಮ ತಾವೇ ಅಂಗಡಿಗೆ ಹೋಗಿ, ತಾವೇ ಆರಿಸಿ, ಅಸಲಿ ಇಲಿ ಪಾಷಾಣ ತಂದರು. ತಂದ ಮೇಲೆ ತಲೆನೋವು ಶುರುವಾಯಿತು. ಎಲ್ಲಿಡುವುದು? ಏನೆಂದು ಬರೆಯುವುದು? 'ಪಾಷಾಣ' ಎಂದು ಬರೆದ ಡಬ್ಬ ಕಂಡರೆ ಈಗ ಯಜಮಾನರ ಬಾಯಲ್ಲಿ ನೀರೂರುತ್ತಿತ್ತು. ಹಿಂದಿನ ದಿನ ಸಂಜೆಯಿಂದ ಅವರು ಮನೆಯಲ್ಲಿದ್ದ ಬೂಟ್ ಪಾಲಿಶ್, ಬಟ್ಟೆ ಸೋಡಾ, ಸೀಮೆಸುಣ್ಣ ಎಲ್ಲವನ್ನೂ ಬೆರಳಲ್ಲಿ ತೆಗೆದು ನೆಕ್ಕಿ ನೋಡಿ ಮುಗಿಸಿದ್ದರು. ಮೇಲಿನ ಹುಡುಗರ ಮಾತಂತೂ ಕೇಳುವುದೇ ಬೇಡ. ಮಿಡತೆ ಆಗಲೇ ಎರಡು ಸಲ ಬಂದು, "ಅಮ್ಮಾ, ಹೊಸ ಪಾಷಾಣ ತಂದ್ರಂತೆ?" ಎಂದು ವಿಚಾರಿಸಿಕೊಂಡು ಹೋಗಿದ್ದ.

ಅಮ್ಮ ಪಾಷಾಣದ ಡಬ್ಬ ಹಿಡಿದು ಮಹಡಿ ಹತ್ತಿ ಬಂದರು. ಪಂಡಿತನ ಹತ್ತಿರ ಕೆಂಪು ಶಾಯಿ ಕಡ ಕೇಳಿದರು. ಅಡುಗೆಮನೆಯ ಮಧ್ಯೆ ನಿಂತು ಹಲಗೆ ನೋಡಿದರು, ಖಾಲಿ ಡಬ್ಬಿಗಳನ್ನು ನೋಡಿದರು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡಿ ಕೂಡಲೇ ಮುಚ್ಚಿದರು. ಆಮೇಲೆ ಒಂದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಏನೋ ಬರೆದು ಪಾಷಾಣದ ಡಬ್ಬಕ್ಕೆ ಅಂಟಿಸಿ, ಅದನ್ನು ಉಗ್ರಾಣದಲ್ಲಿಡಲು ಇಳಿದು ಹೋದರು. ಶಾಯಿಯನ್ನು ಮರುದಿನ ಎರಡು ಬಾಟಲಿಯಾಗಿ ಹಿಂದಿರುಗಿಸಿದರು.

ಚೀಟಿಯ ಮೇಲೆ ಇದ್ದದ್ದು: 'ಪಂಡಿತನ ಅಡುಗೆ'.

ಅಂದಿನಿಂದ ಆ ಡಬ್ಬವನ್ನು ಯಜಮಾನರು ಮುಟ್ಟಿಲ್ಲ. ಲಾಯರು ಮುಟ್ಟಿಲ್ಲ. ಮಿಡತೆ ಅದರ ಕಡೆ ನೋಡುವುದೂ ಇಲ್ಲ. ಇಲಿಗಳು ಓದಬಲ್ಲವೆಂದು ಪ್ರಾಣಿಶಾಸ್ತ್ರದಲ್ಲಿ ಎಲ್ಲೂ ಹೇಳಿಲ್ಲ. ಆದರೂ ಅವು ಸಹ ಮೂಸಿ, ಸುತ್ತು ಹಾಕಿಕೊಂಡು ಹೋಗುತ್ತವೆ.

ಆ ಮನೆಯಲ್ಲಿ ಪಂಡಿತನ ಅಡುಗೆ ತಿನ್ನುವ ಪ್ರಾಣಿ ಒಂದೇ ಒಂದು. ಬರೆದದ್ದನ್ನೆಲ್ಲ ನಂಬುವ ಆ ಪ್ರಾಣಿ ಈಗ ಬೆಳಿಗ್ಗೆ ಎದ್ದು, ತನ್ನ ಕೈಯಾರೆ ಬೇಯಿಸಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಟ್ಟಿಲಿಳಿದು, ಕೆಳಗಿನ ಮನೆಯ ಬಾಗಿಲು ತಟ್ಟಿ, ನಡುಗುವ ದನಿಯಲ್ಲಿ ಕೇಳುತ್ತದೆ:

"ಅಮ್ಮಾ, ಇದು ನಂದಾ, ನಿಮ್ಮದಾ?"